ಪರದೆಯ ಚಿತ್ರವೂ ಒಂದು ದಸ್ತಾವೇಜು

ಕಳೆದ ಬೇಸಿಗೆಯಲ್ಲಿ ಔರಾದ್ ತಾಲ್ಲೂಕಿನ ಹಳ್ಳಿಯೊಂದರ ಪದವೀಧರ ಯುವಕ ಬೀದರ್‌ನ ನನ್ನ ಮನೆಗೆ ಬಂದಿದ್ದ. ನೌಕರಿಯೊಂದಕ್ಕೆ ಅರ್ಜಿ ಸಲ್ಲಿಸುವ ಕೊನೆಯ ದಿನ ಆತ ಭಾಲ್ಕಿಯ ಕಂಪ್ಯೂಟರ್ ಕೇಂದ್ರವೊಂದರಲ್ಲಿ ಕುಳಿತಿದ್ದ. ಶುಲ್ಕ ಪಾವತಿಯಾಗಿದೆ, ಅರ್ಜಿ ಸ್ವೀಕೃತವಾಗಿದೆ ಎಂಬ ಪುಟ ಪರದೆಯ ಮೇಲೆ ಮೂಡಿತು. ಸ್ವೀಕೃತಿ ಪತ್ರ ಮಾತ್ರ ಇಳಿಯಲಿಲ್ಲ. ಕೇಂದ್ರದವರು ಆ ಪುಟದ ಸ್ಕ್ರೀನ್‌ಶಾಟ್ ತೆಗೆದರು. ಅಂದವಾಗಿ ಕಾಣಲೆಂದು ಸುತ್ತಲಿನ ಅಂಚನ್ನೆಲ್ಲ ಕತ್ತರಿಸಿ, ಮುದ್ರಿಸಿ ಕೊಟ್ಟರು. ಅರ್ಜಿ ತಲುಪಿಯೇ ಇಲ್ಲವೆಂದು ಮುಂದೆ ತಿಳಿದಾಗ ಆತ ಅದೇ ಹಾಳೆ ಹಿಡಿದು ಕಚೇರಿಗೆ ಹೋದ. ಇದು ಯಾವ ದಿನದ್ದು, ಯಾವ ಜಾಲತಾಣದ್ದು, ಇಂಥದನ್ನು ಯಾರು ಬೇಕಾದರೂ ಮಾಡಬಹುದಲ್ಲ ಎಂದು ಅಲ್ಲಿ ಕೇಳಿದರು. ಶುಲ್ಕವನ್ನು ಕೇಂದ್ರದವರು ತಮ್ಮ ಖಾತೆಯಿಂದಲೇ ಕಟ್ಟಿದ್ದರಿಂದ ಬ್ಯಾಂಕಿನ ವಿವರದಲ್ಲೂ ಆತನ ಹೆಸರಿರಲಿಲ್ಲ.

ಕಚೇರಿಯವರ ಮಾತು ಕಠೋರವಾಗಿತ್ತು, ಆದರೆ ಸುಳ್ಳಾಗಿರಲಿಲ್ಲ. ನನ್ನನ್ನು ಕಾಡಿದ್ದು ಅದೇ.

1981ರಲ್ಲಿ ಬಂದ ಐಬಿಎಂ ಪರ್ಸನಲ್ ಕಂಪ್ಯೂಟರ್‌ನ ಕೀಲಿಮಣೆಯಲ್ಲಿಯೇ 'ಪ್ರಿಂಟ್ ಸ್ಕ್ರೀನ್' ಕೀಲಿ ಇತ್ತು. ಪರದೆಯ ಮೇಲಿನ ಅಕ್ಷರಗಳನ್ನು ನೇರವಾಗಿ ಮುದ್ರಣ ಯಂತ್ರಕ್ಕೆ ಕಳುಹಿಸುವುದು ಅದರ ಕೆಲಸವಾಗಿತ್ತು. ವಿಂಡೋಸ್ ಬಂದ ಮೇಲೆ ಅದು ಪರದೆಯ ಪ್ರತಿಯನ್ನು ಕಂಪ್ಯೂಟರ್‌ನ ನೆನಪಿನಲ್ಲಿ ಇರಿಸತೊಡಗಿತು. ನಾವು ಅದನ್ನು 'ಪೇಂಟ್'ಗೆ ಅಂಟಿಸಿ ಉಳಿಸಿಕೊಳ್ಳತೊಡಗಿದೆವು. ಈಗ ವಿಂಡೋಸ್, ಶಿಫ್ಟ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬೇಕಾದಷ್ಟು ಭಾಗವನ್ನೇ ಕತ್ತರಿಸಿಕೊಳ್ಳಬಹುದು. ಈ ಅನುಕೂಲವೇ ನಮ್ಮನ್ನು ಮರೆವಿಗೆ ತಳ್ಳಿದೆ. ಕತ್ತರಿಸಿ ಬಿಸಾಡುವ ಅಂಚಿನಲ್ಲಿಯೇ ಜಾಲತಾಣದ ವಿಳಾಸವಿರುತ್ತದೆ, ಕೆಳಗಿನ ಮೂಲೆಯಲ್ಲಿ ದಿನಾಂಕ ಮತ್ತು ಸಮಯವಿರುತ್ತವೆ.

ಹಾಗಾದರೆ ಇಡೀ ಪರದೆಯ ಚಿತ್ರವಿದ್ದರೆ ಸಾಕೇ? ಸಾಲದು. ದಿನಾಂಕವನ್ನೂ ಅಂಕಿಗಳನ್ನೂ ತಿದ್ದುವುದು ಇಂದು ಪ್ರೌಢಶಾಲೆಯ ಹುಡುಗನಿಗೂ ಸಾಧ್ಯ. ಬೀದರ್‌ನವರಾದ ನಮಗೆ ಇದು ಹೊಸ ಪಾಠವೇನಲ್ಲ. 1472ರಲ್ಲಿ ಇಲ್ಲಿ ಮದರಸಾ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗವಾನ್ 1481ರಲ್ಲಿ ಪ್ರಾಣ ಕಳೆದುಕೊಂಡದ್ದು ಒಂದು ನಕಲಿ ಪತ್ರದಿಂದ. ವಿರೋಧಿಗಳು ಖಾಲಿ ಹಾಳೆಯ ಮೇಲೆ ಆತನ ಮುದ್ರೆ ಒತ್ತಿಸಿಕೊಂಡು, ಒಡಿಶಾದ ದೊರೆಗೆ ಬರೆದ ರಾಜದ್ರೋಹದ ಪತ್ರವನ್ನು ಸೃಷ್ಟಿಸಿದರು. ಮುದ್ರೆ ತನ್ನದು, ಬರಹ ತನ್ನದಲ್ಲ ಎಂದು ಗವಾನ್ ಹೇಳಿದನೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಸುಲ್ತಾನ ಮುದ್ರೆಯನ್ನು ನೋಡಿದ, ವಿಚಾರಣೆ ಮಾಡಲಿಲ್ಲ. ತಿದ್ದಿದ ಸ್ಕ್ರೀನ್‌ಶಾಟ್ ಎಂದರೆ ಅದೇ: ಮುದ್ರೆ ನಿಜ, ಬರಹ ಸುಳ್ಳು.

ಕಾನೂನು ಈ ಅಪಾಯವನ್ನು ಬಲ್ಲದು. ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಪ್ರಮಾಣಪತ್ರ ಅಗತ್ಯವೆಂದು ಹಿಂದಿನ ಸಾಕ್ಷ್ಯ ಅಧಿನಿಯಮದ 65ಬಿ ಕಲಮು ಹೇಳುತ್ತಿತ್ತು. ಸುಪ್ರೀಂ ಕೋರ್ಟ್ 2020ರಲ್ಲಿ ಅದನ್ನು ಮತ್ತೆ ಎತ್ತಿಹಿಡಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಪ್ರಮಾಣಪತ್ರದಲ್ಲಿ ಕಡತದ 'ಹ್ಯಾಶ್' ಸಂಖ್ಯೆಯನ್ನೂ ಕೇಳುತ್ತದೆ. ಚಿತ್ರದ ಒಂದು ಚುಕ್ಕೆ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಆದ್ದರಿಂದ ತೆಗೆದ ಚಿತ್ರವನ್ನು ಹಾಗೆಯೇ ಉಳಿಸಿ, ಗೆರೆ ಎಳೆಯುವುದು, ಕತ್ತರಿಸುವುದು ಏನಿದ್ದರೂ ಅದರ ನಕಲಿನ ಮೇಲೆ ಮಾಡಬೇಕು. ಚಿತ್ರವನ್ನು ಪಿಎನ್‌ಜಿ ರೂಪದಲ್ಲಿ ಉಳಿಸುವುದು ಒಳ್ಳೆಯದು. ಜೆಪಿಜಿಯಲ್ಲಿ ಕನ್ನಡದ ಒತ್ತಕ್ಷರಗಳು ಮಸುಕಾಗುವುದುಂಟು.

ಮುಚ್ಚಬೇಕಾದದ್ದನ್ನು ಮುಚ್ಚುವುದೂ ಅಷ್ಟೇ ಮುಖ್ಯ. ಆಧಾರ್‌ನ 12 ಅಂಕಿಗಳ ಮೇಲೆ ಅರೆಪಾರದರ್ಶಕ ಕಪ್ಪು ಗೆರೆ ಎಳೆದು ನಾವು ನಿಶ್ಚಿಂತರಾಗುತ್ತೇವೆ. ಚಿತ್ರದ ಬೆಳಕನ್ನು ಹೆಚ್ಚಿಸಿದರೆ ಅಂಕಿಗಳು ಹೊರಬರುತ್ತವೆ. ಮಸುಕುಗೊಳಿಸಿದ ಅಕ್ಷರಗಳನ್ನೂ ಕೆಲವೊಮ್ಮೆ ಊಹಿಸಿ ಓದಬಹುದು. 2023ರ ಮಾರ್ಚ್‌ನಲ್ಲಿ ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್‌ನಲ್ಲಿಯೇ ದೋಷವೊಂದು ಪತ್ತೆಯಾಯಿತು: ಚಿತ್ರವನ್ನು ಕತ್ತರಿಸಿ ಅದೇ ಕಡತದ ಮೇಲೆ ಉಳಿಸಿದರೆ, ಕತ್ತರಿಸಿದ ಭಾಗದ ಮಾಹಿತಿ ಕಡತದೊಳಗೆ ಉಳಿದುಬಿಡುತ್ತಿತ್ತು. ಮೈಕ್ರೋಸಾಫ್ಟ್ ಅದನ್ನು ಸರಿಪಡಿಸಿತು. ಆದರೆ ಕಣ್ಣಿಗೆ ಕಾಣದ್ದೆಲ್ಲ ಅಳಿದುಹೋಗಿದೆ ಎಂದು ನಂಬಬಾರದೆಂಬ ಎಚ್ಚರ ಉಳಿಯಬೇಕು. ಮುಚ್ಚುವುದಾದರೆ ಗಟ್ಟಿಯಾದ ಕಪ್ಪು ಚೌಕವನ್ನೇ ಹಾಕಬೇಕು.

ಇದೆಲ್ಲ ನಾಗರಿಕರ ಹೊಣೆ. ಕಚೇರಿಗಳ ಹೊಣೆ ಇದಕ್ಕಿಂತ ದೊಡ್ಡದು. 2000ದ ದಶಕದ ಆರಂಭದಲ್ಲಿ 'ಭೂಮಿ' ಯೋಜನೆ ಕೈಬರಹದ ಪಹಣಿಯನ್ನು ಕಂಪ್ಯೂಟರಿಗೆ ತಂದಿತು. ಅಲ್ಲಿಂದೀಚೆಗೆ ಒಂದೊಂದೇ ವ್ಯವಹಾರ ಕಾಗದದಿಂದ ಪರದೆಗೆ ಸರಿದಿದೆ. ಹಿಂದೆ ಗುಮಾಸ್ತರು ಅರ್ಜಿ ಪಡೆದು ಮೊಹರು ಒತ್ತಿ ಕೊಡುತ್ತಿದ್ದರು. ಈಗ ಆ ಮೊಹರಿನ ಜಾಗದಲ್ಲಿ ನಾಗರಿಕನೇ ತೆಗೆದುಕೊಂಡ ಚಿತ್ರವಿದೆ. ಇದು ನ್ಯಾಯವಲ್ಲ. ಅರ್ಜಿ ಸಲ್ಲಿಕೆಯಾದ ಗಳಿಗೆಯಲ್ಲೇ ಸಂಖ್ಯೆ ಸಹಿತ ಸಂದೇಶ ಅರ್ಜಿದಾರನ ಮೊಬೈಲಿಗೆ ಕನ್ನಡದಲ್ಲಿ ಬರಬೇಕು. ಸ್ವೀಕೃತಿ ಪತ್ರವನ್ನು ಯಾವಾಗ ಬೇಕಾದರೂ ಮತ್ತೆ ಪಡೆಯುವಂತಿರಬೇಕು. ಯಾರಾದರೂ ಸ್ಕ್ರೀನ್‌ಶಾಟ್ ತಂದರೆ ಅದನ್ನು ಸಾಕ್ಷ್ಯವೆಂದು ಒಪ್ಪುವುದೂ ಬೇಡ, ಸುಳ್ಳೆಂದು ತಳ್ಳುವುದೂ ಬೇಡ. ಅದನ್ನು ಸುಳಿವೆಂದು ಹಿಡಿದು ತಮ್ಮದೇ ಸರ್ವರ್‌ನ ದಾಖಲೆಯನ್ನು ಹುಡುಕಬೇಕು. ಸುಲ್ತಾನ ವಿಚಾರಿಸದೆ ನಂಬಿದ, ಇಂದಿನ ಕಚೇರಿಗಳು ವಿಚಾರಿಸದೆ ನಿರಾಕರಿಸುತ್ತವೆ. ಎರಡರಲ್ಲೂ ತಪ್ಪು ಒಂದೇ.

ಬೀದರ್, ಭಾಲ್ಕಿ, ಔರಾದ್‌ಗಳ ಕಾಲೇಜುಗಳಲ್ಲಿ ಕಂಪ್ಯೂಟರ್ ತರಗತಿಗಳಿವೆ. ಅಲ್ಲಿ ಒಂದು ಗಂಟೆಯನ್ನು ಇದಕ್ಕೆ ಮೀಸಲಿಡುವುದು ಕಷ್ಟವೇನಲ್ಲ. ಇಡೀ ಪರದೆಯನ್ನು ತೆಗೆ, ಮೂಲವನ್ನು ಮುಟ್ಟಬೇಡ, ನಕಲಿನ ಮೇಲೆ ತಿದ್ದು, ಗುಟ್ಟನ್ನು ಗಟ್ಟಿಯಾಗಿ ಮುಚ್ಚು. ಪಾಠ ಇಷ್ಟೇ.

ಆ ಯುವಕನ ಮೂಲ ಚಿತ್ರ ಸಿಗಬಹುದೇ ಎಂದು ಕೇಂದ್ರಕ್ಕೆ ಫೋನ್ ಮಾಡಿಸಿದೆ. ಕತ್ತರಿಸಿದ ಚಿತ್ರವನ್ನು ಮೂಲದ ಮೇಲೆಯೇ ಉಳಿಸಿದ್ದರು. ಆಮೇಲೆ ಅದನ್ನೂ ಅಳಿಸಿದ್ದರು. ಆತ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಔರಾದ್ ಬಸ್ಸಿಗೆ ಹೊರಟ. ಮುಂದಿನ ವರ್ಷ ಆತನ ವಯೋಮಿತಿ ಮೀರುತ್ತದೆ.