ಆ ಒಂದು ಸೆಕ್ಷನ್ ಸಡಿಲಿಸಿ: ಕೇಂದ್ರ ಗೃಹ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರೇ,

ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ನಿಮ್ಮ ಸಚಿವಾಲಯದ ಕೈಯಲ್ಲಿದೆ. ಅದರ 7ನೇ ಸೆಕ್ಷನ್ ನಮ್ಮ ಕೊಪ್ಪಳ, ಗದಗ, ಬಾಗಲಕೋಟೆ ಕಡೆಯ ಹತ್ತಿ ಬೀಜದ ಹೊಲಗಳಲ್ಲಿ ದುಡಿಯುವ ಹುಡುಗಿಯರಿಗೆ ಹೇಗೆ ತಟ್ಟುತ್ತದೆ ಎಂದು ಹೇಳುವುದಕ್ಕೇ ಈ ಪತ್ರ.

ಮೊದಲು ಆ ಕೆಲಸ ಎಂಥದು ಕೇಳಿ. ಹೈಬ್ರಿಡ್ ಹತ್ತಿಯ ಬೀಜವನ್ನು ಕೈಯಿಂದಲೇ ಮಾಡಬೇಕು. ಸಂಜೆ ಹೆಣ್ಣು ಸಾಲಿನ ಒಂದೊಂದೇ ಮೊಗ್ಗನ್ನು ಉಗುರಿನಿಂದ ಬಿಡಿಸಿ, ಒಳಗಿನ ಕೇಸರ ಕಿತ್ತು, ಗುರುತಿಗೆ ಬಣ್ಣದ ಕಾಗದ ಸಿಕ್ಕಿಸುತ್ತಾರೆ. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ಕೊಯ್ದು ತಂದು, ಗುರುತು ಮಾಡಿದ ಮೊಗ್ಗುಗಳನ್ನು ಹುಡುಕಿ ಹುಡುಕಿ ಪರಾಗ ಸವರುತ್ತಾರೆ. ಬಿಸಿಲು ಏರುವುದರೊಳಗೆ ಮುಗಿಯಬೇಕು. ಇದಕ್ಕೆ ನಮ್ಮಲ್ಲಿ ‘ಕ್ರಾಸಿಂಗ್’ ಅನ್ನುತ್ತಾರೆ. ಹಂಗಾಮು ಶುರುವಾದರೆ ಎರಡು ಮೂರು ತಿಂಗಳು ಬಿಡುವಿಲ್ಲ, ಹೊಲದ ಹೊತ್ತು ಶಾಲೆಯ ಹೊತ್ತನ್ನೇ ತಿನ್ನುತ್ತದೆ. ಔಷಧಿ ಹೊಡೆದ ಗಿಡಗಳ ನಡುವೆ ದಿನವಿಡೀ ಬಗ್ಗಿ ನಿಲ್ಲುವ ಕೆಲಸ. ಸಣ್ಣ ಬೆರಳಿಗೇ ಇದು ಒಗ್ಗುತ್ತದೆ ಎಂದು ಹೊಲದವರು ಕಾರಣ ಹೇಳುತ್ತಾರೆ. ನಿಜ ಬೇರೆ. ಹುಡುಗಿಯರಿಗೆ ಕೂಲಿ ಕಡಿಮೆ, ಅವರು ಎದುರು ಮಾತಾಡುವುದಿಲ್ಲ, ಅಪ್ಪ ಅವ್ವ ಮೊದಲೇ ಮುಂಗಡ ತಗೊಂಡಿರುತ್ತಾರೆ. 1972ರಲ್ಲಿ ‘ವರಲಕ್ಷ್ಮಿ’ ಎಂಬ ಹೈಬ್ರಿಡ್ ಹತ್ತಿ ತಳಿ ಹೊರಬಂದದ್ದು ಧಾರವಾಡದಲ್ಲಿ. ಹೈಬ್ರಿಡ್ ಹತ್ತಿ ನಮ್ಮ ನೆಲದ ಹೆಮ್ಮೆಯೂ ಹೌದು, ಅದಕ್ಕೇ ಇದು ಹೆಚ್ಚು ನೋಯಿಸುತ್ತದೆ.

ಕಾನೂನು ಇದೆ. 14 ವರ್ಷದೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚಬಾರದೆಂದು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಹೇಳುತ್ತದೆ. ಆದರೆ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಮನೆತನದ ಕೆಲಸಕ್ಕೆ ನೆರವಾಗಬಹುದೆಂಬ ವಿನಾಯಿತಿಯನ್ನೂ ಅದೇ ತಿದ್ದುಪಡಿ ಕೊಟ್ಟಿತು. ಇನ್‌ಸ್ಪೆಕ್ಟರ್ ಬಂದಾಗ “ನಮ್ಮ ತಮ್ಮನ ಮಗಳ್ರೀ, ಸೂಟಿಗೆ ಬಂದಾಳ” ಅಂದರೆ ಅಲ್ಲಿಗೆ ತನಿಖೆ ಮುಗಿಯಿತು.

ಹಾಗಾಗಿ ದಾಳಿ ಮಾಡಿ ಮಗುವನ್ನು ಬಿಡಿಸಿದರೆ ಮುಂದಿನ ವಾರ ಅದು ಮತ್ತೆ ಹೊಲದಲ್ಲಿರುತ್ತದೆ. ಮಗು ಶಾಲೆಯಲ್ಲೇ ಉಳಿಯಬೇಕಾದರೆ ಮನೆಯ ಮುಂಗಡ ಎಷ್ಟೆಂದು ಕೇಳಿ ತಿಳಿಯಬೇಕು. ಆ ಸಾಲವನ್ನು ಸ್ವಸಹಾಯ ಸಂಘದಿಂದ ತೀರಿಸುವ ದಾರಿ ಹುಡುಕಬೇಕು. ಹೆಡ್‌ಮಾಸ್ತರರನ್ನು ಒಪ್ಪಿಸಿ ವರ್ಷದ ನಡುವೆ ಹುಡುಗಿಯನ್ನು ಮತ್ತೆ ತರಗತಿಗೆ ಸೇರಿಸಬೇಕು, ಆಮೇಲೆ ಬಾಲ್ಯವಿವಾಹದ ಮಾತು ಬಂದಾಗ ಆ ಮನೆಯ ಹೊಸ್ತಿಲಲ್ಲೇ ಕೂತು ವಾದ ಮಾಡಬೇಕು. ಇದನ್ನೆಲ್ಲ ಮಾಡುವವಳು ಅದೇ ಊರಿನ, ಅದೇ ಓಣಿಯ ಒಬ್ಬ ಹೆಣ್ಣುಮಗಳು. ಅವಳಿಗೆ ತಿಂಗಳ ಸಂಬಳ ಕೊಡುವುದು ತಾಲೂಕಿನ ಒಂದು ಪುಟ್ಟ ಸಂಸ್ಥೆ.

ಆ ಸಂಸ್ಥೆಗೆ ಹಣ ಬರುತ್ತಿದ್ದದ್ದು ಹೇಗೆ? ದೆಹಲಿಯ, ಬೆಂಗಳೂರಿನ ದೊಡ್ಡ ಸಂಸ್ಥೆ ವಿದೇಶಿ ದಾನಿಗಳಿಂದ ಹಣ ಪಡೆದು, ಲೆಕ್ಕಪತ್ರದ ಹೊಣೆ ಹೊತ್ತು, ಒಂದು ಪಾಲನ್ನು ಊರ ಕೆಲಸಕ್ಕೆ ಹಂಚುತ್ತಿತ್ತು. 7ನೇ ಸೆಕ್ಷನ್ನಿಗೆ ತಂದ 2020ರ ಸೆಪ್ಟೆಂಬರ್ ತಿದ್ದುಪಡಿ ಈ ಹಂಚಿಕೆಯನ್ನು ಪೂರ್ತಿ ನಿಲ್ಲಿಸಿತು. ಈಗ ಎಫ್‌ಸಿಆರ್‌ಎ ನೋಂದಣಿ ಇರುವ ಸಂಸ್ಥೆ, ಅದೇ ನೋಂದಣಿ ಇರುವ ಇನ್ನೊಂದು ಸಂಸ್ಥೆಗೂ ವಿದೇಶಿ ದೇಣಿಗೆಯ ಒಂದು ರೂಪಾಯಿ ದಾಟಿಸುವಂತಿಲ್ಲ. ಸಣ್ಣವರು ನೇರವಾಗಿ ದಾನಿಗಳನ್ನು ಕೇಳಿಕೊಳ್ಳಲಿ ಎನ್ನಬಹುದು. ಆದರೆ ನೋಂದಣಿಗೆ ಅರ್ಜಿ ಹಾಕಬೇಕಾದರೆ ಮೂರು ವರ್ಷ ಹಳೆಯದಾಗಿರಬೇಕು, ಆ ಅವಧಿಯಲ್ಲಿ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ನೋಂದಣಿ ಸಿಕ್ಕರೂ ಜಿನೀವಾದ, ಹೇಗ್‌ನ ದಾನಿಗೆ ಇಂಗ್ಲಿಷಿನಲ್ಲಿ ಪ್ರಸ್ತಾವ ಬರೆದು ಕಳಿಸುವ ಶಕ್ತಿ ಕುಷ್ಟಗಿಯಂಥ ತಾಲೂಕಿನ ಸಂಸ್ಥೆಗೆ ಎಲ್ಲಿಂದ ಬರಬೇಕು?

ಹಣ ಕೈಯಿಂದ ಕೈಗೆ ದಾಟಿದಂತೆ ಜಾಡು ಸಿಗುವುದಿಲ್ಲ ಎಂಬುದು ಸರ್ಕಾರದ ವಾದ. ದುರುಪಯೋಗ ಮಾಡಿದವರ ಮೇಲೆ ಕ್ರಮ ಆಗಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನೋಂದಾಯಿತ ಸಂಸ್ಥೆಗಳೆರಡೂ ಪ್ರತಿ ವರ್ಷ ಎಫ್‌ಸಿ-4 ನಮೂನೆಯಲ್ಲಿ ವಿದೇಶಿ ದೇಣಿಗೆಯ ಲೆಕ್ಕ ಸಲ್ಲಿಸುತ್ತವೆ. ಕೊಟ್ಟವರ ಪುಸ್ತಕದಲ್ಲೂ ಪಡೆದವರ ಪುಸ್ತಕದಲ್ಲೂ ಬರೆದಿಟ್ಟ ಹಣವನ್ನು ಜಾಡಿಲ್ಲದ್ದು ಎನ್ನುವುದು ಹೇಗೆ? ಸುಪ್ರೀಂ ಕೋರ್ಟ್ 2022ರ ಏಪ್ರಿಲ್ 8ರಂದು ಈ ಸೆಕ್ಷನ್ ಎತ್ತಿಹಿಡಿದದ್ದು ಗೊತ್ತು. ತಿದ್ದುವ ಅಧಿಕಾರ ಸಂಸತ್ತಿಗೆ ಈಗಲೂ ಇದೆ.

ತಿದ್ದುಪಡಿಯಿಂದ ವಿದೇಶಿ ಹಣವೇನೂ ನಿಲ್ಲಲಿಲ್ಲ. 2019–20ರಲ್ಲಿ 16 ಸಾವಿರ ಕೋಟಿಗೂ ಮಿಕ್ಕಿ ಬಂದದ್ದು 2021–22ರಲ್ಲಿ 22 ಸಾವಿರ ಕೋಟಿ ದಾಟಿತು. ನಿಂತದ್ದು ಅದು ತಳಕ್ಕೆ ಇಳಿಯುತ್ತಿದ್ದ ದಾರಿ.

ಈ ದಾರಿಯನ್ನು ಒಂದು ಕಾಲಕ್ಕೆ ಭಾರತ ಸರ್ಕಾರವೇ ಹಾಕಿಕೊಟ್ಟಿತ್ತು. 1989ರಲ್ಲಿ ಹಳ್ಳಿ ಹೆಂಗಸರ ಶಿಕ್ಷಣ, ಸಂಘಟನೆಯ ಮಹಿಳಾ ಸಮಾಖ್ಯಾ ಯೋಜನೆ ಕರ್ನಾಟಕ, ಗುಜರಾತ್, ಉತ್ತರ ಪ್ರದೇಶಗಳಲ್ಲಿ ಶುರುವಾದದ್ದು ಡಚ್ ಸರ್ಕಾರದ ಹಣದಿಂದ. ಆ ಹಣ ಬೀದರ್, ವಿಜಯಪುರದ ಹಳ್ಳಿಗಳ ದಲಿತ, ಕೂಲಿ ಹೆಂಗಸರ ಸಂಘಗಳ ತನಕ ಇಳಿಯಿತು. ಸಹಯೋಗಿನಿಯರೆಂಬ ಕಾರ್ಯಕರ್ತೆಯರು ಹತ್ತು ಹತ್ತು ಊರು ಸುತ್ತಿ ಸಂಘ ಕಟ್ಟಿದರು. ಶಾಲೆ ಬಿಟ್ಟ ಹುಡುಗಿಯರಿಗೆ ಮಹಿಳಾ ಶಿಕ್ಷಣ ಕೇಂದ್ರಗಳು ಬಂದವು. ಬೀದರ್, ಚಾಮರಾಜನಗರಗಳಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಬಾಲಕಾರ್ಮಿಕ ಯೋಜನೆ ನಡೆದದ್ದು ಇಟಲಿಯ ನೆರವಿನಿಂದ. ಹೊರಗಿನ ಹಣ ಬಂತೆಂದು ದೇಶದ ಮಾನ ಹೋಗಲಿಲ್ಲ, ಆ ಹೆಂಗಸರು ಪಂಚಾಯಿತಿಯಲ್ಲಿ ದನಿ ಎತ್ತಿ ಮಾತಾಡುವುದನ್ನು ಕಲಿತರು.

ಈಗ ದಾನಿಗಳೂ ಹಿಂದೆ ಸರಿಯುತ್ತಿದ್ದಾರೆ. 2025ರ ಮಾರ್ಚ್‌ನಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ ಬಾಲಕಾರ್ಮಿಕ ಪದ್ಧತಿ, ಬಲವಂತದ ದುಡಿಮೆಗಳ ವಿರುದ್ಧ ಹತ್ತಾರು ದೇಶಗಳಲ್ಲಿ ನಡೆಯುತ್ತಿದ್ದ ತನ್ನ ಅನುದಾನಗಳನ್ನು ರದ್ದು ಮಾಡಿತು. ಜುಲೈಗೆ ಆ ದೇಶದ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್ ಬಾಗಿಲು ಹಾಕಿತು. ಬಾಲಕಾರ್ಮಿಕ ಪದ್ಧತಿ ಕೊನೆಗಾಣಬೇಕೆಂದು ಜಗತ್ತು ಗೊತ್ತುಮಾಡಿಕೊಂಡ ಗಡುವೂ 2025. ಗಡುವಿಗೆ ಸ್ವಲ್ಪ ಮುಂಚೆ ವಿಶ್ವಸಂಸ್ಥೆಯ ವರದಿ ಲೆಕ್ಕ ಹಾಕಿದಾಗ ಇನ್ನೂ 13.8 ಕೋಟಿ ಮಕ್ಕಳು ದುಡಿಮೆಯಲ್ಲಿದ್ದರು. ಅಮೆರಿಕದ ತೀರ್ಮಾನ ನಿಮ್ಮ ಕೈಯಲ್ಲಿಲ್ಲ. 7ನೇ ಸೆಕ್ಷನ್ ನಿಮ್ಮ ಕೈಯಲ್ಲಿದೆ.

ನನ್ನ ಕೋರಿಕೆ ಇಷ್ಟೇ. ನೋಂದಾಯಿತ ಸಂಸ್ಥೆ ನೋಂದಾಯಿತ ಸಂಸ್ಥೆಗೆ ಹಣ ಹಂಚಲು ಮತ್ತೆ ಅವಕಾಶ ಕೊಡಿ. ಬೇಕಿದ್ದರೆ ಮಿತಿ ಹಾಕಿ, ಪ್ರತಿ ವರ್ಗಾವಣೆಯೂ ತಿಂಗಳೊಳಗೆ ನಿಮ್ಮ ಪೋರ್ಟಲ್‌ನಲ್ಲಿ ಎಲ್ಲರಿಗೂ ಕಾಣಲಿ ಎನ್ನಿ. ನೋಂದಣಿ ಪಡೆಯಲಾಗದ ಪುಟ್ಟ ಸಂಸ್ಥೆಗಳಿಗೆ ಜಿಲ್ಲಾಧಿಕಾರಿಗಳ ಪರಿಶೀಲನೆಯೊಂದಿಗೆ ಸಣ್ಣ ಮೊತ್ತಕ್ಕಾದರೂ ದಾರಿ ಮಾಡಿಕೊಡಿ. ಮಸೂದೆಯನ್ನು ಮುಂಗಾರು ಅಧಿವೇಶನಕ್ಕೇ ತನ್ನಿ. ಅಧಿವೇಶನ ನಡೆಯುವ ಹೊತ್ತಿಗೆ ನಮ್ಮ ಕಡೆ ಹತ್ತಿ ಮೊಗ್ಗು ಬಿಡುತ್ತಿರುತ್ತದೆ, ಮುಂಗಡದ ಮಾತುಕತೆ ಅದಕ್ಕೂ ಮೊದಲೇ ಮುಗಿದಿರುತ್ತದೆ.

ಇತಿ,
ಉತ್ತರ ಕರ್ನಾಟಕದ ಒಬ್ಬ ನಾಗರಿಕ