ಎಲೆಯ ತೂಕ, ಮೈಯ ತೂಕ



ತೋಟದಲ್ಲಿ ದುಡಿಯುವ ನಮಗೆ ತಕ್ಕಡಿ ಹೊಸದಲ್ಲ. ಕೊಯ್ದ ಎಲೆ ದಿನಕ್ಕೆ ಎರಡು ಮೂರು ಸಲ ತೂಕಕ್ಕೆ ಏರುತ್ತದೆ. ಅರ್ಧ ಕಿಲೋ ಕಡಿಮೆ ಬರೆದರೂ ನಾವು ಸುಮ್ಮನಿರುವವರಲ್ಲ; ರೈಟರನ್ನು ನಿಲ್ಲಿಸಿ ಕೇಳುತ್ತೇವೆ. ಕೇಳತಕ್ಕದ್ದೇ ಸರಿ. ಆದರೆ ನಿಮ್ಮ ಸ್ವಂತ ಮೈಯನ್ನು ಕೊನೆಯ ಸಲ ತೂಗಿಸಿದ್ದು ಯಾವಾಗ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಬಾಯಿಂದ ಉತ್ತರ ಬರುವುದಿಲ್ಲ. ಹೆರಿಗೆಯ ಕಾಲದಲ್ಲಿ ಒಮ್ಮೆ, ಜ್ವರ ಬಂದು ಆಸ್ಪತ್ರೆಗೆ ಹೋದಾಗ ಒಮ್ಮೆ, ಅಷ್ಟೇ. ಈ ಸಂಚಿಕೆಯಲ್ಲಿ ಆ ತೂಕದ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದಿದ್ದೇವೆ.

ನಮಗೆ ಪರಿಚಿತರಾದ ಒಬ್ಬ ಅಕ್ಕ ಇದ್ದಾರೆ. ಹೆಸರು ಬೇಡ. ೨೬ ವರ್ಷ ಇಳಿಜಾರಿನಲ್ಲಿ ನಿಂತು ಎಲೆ ಕೊಯ್ದವರು. ಮೊಣಕಾಲು ನೋವೆಂದು ಶಿಶುಗೃಹದ ಕೆಲಸಕ್ಕೆ ಬದಲಾದರು. ನಾಲ್ಕೇ ವರ್ಷದಲ್ಲಿ ಮೈ ಎಷ್ಟು ಏರಿತೆಂದರೆ ಲೈನಿನ ಮೆಟ್ಟಿಲು ಹತ್ತುವಾಗ ಎರಡು ಕಡೆ ಕೂತು ಏಳಬೇಕಾಯಿತು. ಆಸ್ಪತ್ರೆಯಲ್ಲಿ ತೂಗಿದಾಗ ೯೨ ಕಿಲೋ. ಎತ್ತರ ೫ ಅಡಿ. "ಅಮ್ಮಾ, ೩೦ ಕಿಲೋ ಇಳಿಸಬೇಕು" ಎಂದರಂತೆ ವೈದ್ಯರು. "ಇಳಿಸುವುದಕ್ಕೆ ಅದೇನು ತಲೆಯ ಮೇಲಿನ ಮೂಟೆಯಾ ಡಾಕ್ಟ್ರೇ?" ಎಂದು ಅಕ್ಕ ನಕ್ಕುಬಿಟ್ಟರಂತೆ. ಮನೆಗೆ ಬಂದು ಅತ್ತರು. ೩೦ ಎಂಬ ಸಂಖ್ಯೆಯನ್ನು ಕೇಳಿದ ಕ್ಷಣವೇ ಕೈಚೆಲ್ಲಿದವರು ಆಕೆಯೊಬ್ಬರೇ ಅಲ್ಲ. ಈ ಬರಹ ಅಂಥವರಿಗಾಗಿ.

ಮೊದಲು ಒಂದು ಹಳೆಯ ಭಯವನ್ನು ಹೇಳಬೇಕು. ನಮ್ಮ ಅಜ್ಜ ಅಜ್ಜಿಯರು ಈ ಬೆಟ್ಟಗಳಿಗೆ ಬಂದಾಗ ಮೈ ಇಳಿಯುವುದೆಂದರೆ ಹಸಿವು, ಇಲ್ಲವೇ ಕ್ಷಯ. ಮೈ ತುಂಬಿಕೊಂಡರೆ ದೇವರು ಕಣ್ಣು ತೆರೆದನೆಂದು ಅರ್ಥ. ಆದುದರಿಂದಲೇ ಇಂದಿಗೂ ಮಗಳು ಸ್ವಲ್ಪ ಇಳಿದರೆ "ಯಾಕೆ ಹೀಗಾದೆ?" ಎಂದು ತಾಯಿ ಕಣ್ಣೀರಿಡುತ್ತಾಳೆ. ಆ ಭಯ ಸುಳ್ಳಲ್ಲ. ಯಾವ ಪ್ರಯತ್ನವೂ ಇಲ್ಲದೆ ತಾನಾಗಿ ತೂಕ ಇಳಿಯುತ್ತಿದ್ದರೆ, ಎರಡು ವಾರ ದಾಟಿದ ಕೆಮ್ಮಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ, ತಡಮಾಡದೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸತಕ್ಕದ್ದು. ಆದರೆ ಕಾಲ ಬದಲಾಗಿದೆ. ೨೦೧೯-೨೧ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ಹೆಚ್ಚು ತೂಕದವರು ದೇಶದಲ್ಲಿ ೧೦೦ಕ್ಕೆ ೨೪. ತಮಿಳುನಾಡಿನಲ್ಲಿ ಸುಮಾರು ೪೦. ಕೇರಳದಲ್ಲಿ ಸುಮಾರು ೩೮. ಇದು ಪಟ್ಟಣದ ಶ್ರೀಮಂತರ ಕಾಯಿಲೆ ಎಂದು ನಾವು ಇನ್ನು ಹೇಳಲಾಗದು.

"ನಾವು ದುಡಿಯುವವರು, ನಮಗೆ ಬೊಜ್ಜು ಎಲ್ಲಿಂದ ಬರುತ್ತದೆ?" ಎಂದು ಕೇಳುವವರಿದ್ದಾರೆ. ದುಡಿಮೆ ಇರುವವರೆಗೆ ಊಟ ಕರಗುತ್ತದೆ, ನಿಜ. ದುಡಿಮೆ ನಿಂತ ದಿನ ಊಟ ನಿಲ್ಲುವುದಿಲ್ಲ ಎಂಬುದೇ ತೊಂದರೆ. ಬೆಟ್ಟ ಹತ್ತುತ್ತಿದ್ದಾಗ ಉಣ್ಣುತ್ತಿದ್ದ ಅದೇ ತಟ್ಟೆ ಅನ್ನ, ನಿವೃತ್ತಿಯಾಗಿ ಜಗಲಿಯಲ್ಲಿ ಕೂತ ಮೇಲೂ ಮುಂದುವರಿಯುತ್ತದೆ. ಹಗುರ ಕೆಲಸಕ್ಕೆ ಬದಲಾದವರದೂ, ಹೆರಿಗೆಯ ನಂತರ ಮನೆಯಲ್ಲೇ ಉಳಿದವರದೂ ಇದೇ ಕಥೆ. ಮೇಲಾಗಿ ರೇಷನ್ನಿನಲ್ಲಿ ಅಕ್ಕಿ, ಸಕ್ಕರೆ, ಎಣ್ಣೆ ಅಗ್ಗವಾಗಿ ಸಿಗುತ್ತವೆ. ಮೊಟ್ಟೆ, ತರಕಾರಿಗೆ ಕೈಯಿಂದ ಹಣ ಎಣಿಸಬೇಕು. ಬಡವನ ತಟ್ಟೆಯಲ್ಲಿ ಅನ್ನದ ಗುಡ್ಡೆ ಏಳುವುದು ಹೊಟ್ಟೆಬಾಕತನದಿಂದಲ್ಲ, ಲೆಕ್ಕಾಚಾರದಿಂದ. ಇದನ್ನು ತಿಳಿಯದೆ ದಪ್ಪಗಿರುವವರನ್ನು ಸೋಮಾರಿಗಳೆನ್ನುವುದು ಅನ್ಯಾಯ.

ಎಷ್ಟಾದರೆ ಹೆಚ್ಚು? ನಮ್ಮ ದೇಶದ ವೈದ್ಯರ ಲೆಕ್ಕದಲ್ಲಿ ೫ ಅಡಿ ಎತ್ತರದವರಿಗೆ ಸುಮಾರು ೫೩ ಕಿಲೋ ದಾಟಿದರೆ ಹೆಚ್ಚು, ೫೮ ದಾಟಿದರೆ ಸ್ಥೂಲಕಾಯ. ತಕ್ಕಡಿ ಸಿಗದಿದ್ದರೆ ದರ್ಜಿಯ ಟೇಪು ಸಾಕು. ಸೊಂಟದ ಸುತ್ತಳತೆ ಹೆಂಗಸರಲ್ಲಿ ೮೦ ಸೆಂಟಿಮೀಟರು, ಗಂಡಸರಲ್ಲಿ ೯೦ ಸೆಂಟಿಮೀಟರು ಮೀರಿದರೆ ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಹೃದಯದ ಬೇನೆ ಹತ್ತಿರ ಬರುತ್ತಿವೆ ಎಂದು ತಿಳಿಯತಕ್ಕದ್ದು. ಕೈಕಾಲು ತೆಳ್ಳಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ಗಂಡಸರು ತಮಗಿದು ಅನ್ವಯಿಸುವುದಿಲ್ಲವೆಂದು ತಪ್ಪಿಸಿಕೊಳ್ಳಬಾರದು.

ಈಗ ಆ ೩೦ ಕಿಲೋ ವಿಷಯಕ್ಕೆ ಬರೋಣ. ೩೦ನ್ನು ಮರೆತುಬಿಡಿ. ಇರುವ ತೂಕದಲ್ಲಿ ನೂರಕ್ಕೆ ೫ ಪಾಲು ಇಳಿದರೂ ರಕ್ತದ ಸಕ್ಕರೆಯೂ ಒತ್ತಡವೂ ಸುಧಾರಿಸತೊಡಗುತ್ತವೆ. ೯೨ ಕಿಲೋ ಇರುವ ಅಕ್ಕನಿಗೆ ಅದು ಸುಮಾರು ನಾಲ್ಕೂವರೆ ಕಿಲೋ. ಅದೊಂದು ಗುರಿ, ಅಷ್ಟೇ ಮೊದಲ ಗುರಿ. ಮೊಣಕಾಲು ಸವೆದ ವಯಸ್ಸಾದವರನ್ನು ಪರೀಕ್ಷಿಸಿ ಅಮೆರಿಕದಲ್ಲಿ ೨೦೦೫ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮೈಯಿಂದ ೧ ಕಿಲೋ ಇಳಿದರೆ ಇಡುವ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲಿನ ಭಾರ ೪ ಕಿಲೋ ಇಳಿಯುತ್ತದೆಂದು ಕಂಡುಬಂತು. ೫ ಕಿಲೋ ಇಳಿದರೆ ಹೆಜ್ಜೆಗೆ ೨೦ ಕಿಲೋ, ಅಂದರೆ ಒಂದು ಮೂಟೆ ಎಲೆ ಬೆನ್ನಿನಿಂದ ಕೆಳಗಿಟ್ಟಂತೆ. ಇಳಿಜಾರಿನಲ್ಲಿ ಬದುಕುವವರಿಗೆ ಇದರ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಸಾಕ್ಷಿ ನಮ್ಮ ಪಕ್ಕದ ಚೆನ್ನೈನಿಂದ. ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ೫೩೧ ಮಂದಿಯನ್ನು ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಸುಮಾರು ಮೂರು ವರ್ಷ ಗಮನಿಸಿ ೨೦೦೬ರಲ್ಲಿ ಫಲ ಪ್ರಕಟಿಸಿದರು. ಸುಮ್ಮನೆ ಬಿಟ್ಟವರಲ್ಲಿ ೧೦೦ಕ್ಕೆ ೫೫ ಮಂದಿಗೆ ಕಾಯಿಲೆ ಬಂತು. ಊಟ ತಿದ್ದಿಕೊಂಡು ನಡೆದಾಡಿದವರಲ್ಲಿ ೩೯ ಮಂದಿಗೆ. ವಿಶೇಷವೇನೆಂದರೆ ನಡೆದಾಡಿದವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ತಕ್ಕಡಿಯ ಮುಳ್ಳು ಅಲುಗದಿದ್ದರೂ ಒಳಗೆ ಒಳ್ಳೆಯದು ನಡೆಯುತ್ತಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಹಾಗಾದರೆ ಎಲ್ಲಿಂದ ಪ್ರಾರಂಭಿಸಬೇಕು? ಮೊದಲ ವಾರ ಏನನ್ನೂ ಬಿಡಬೇಡಿ. ಒಂದು ನೋಟುಪುಸ್ತಕ ತೆಗೆದುಕೊಂಡು ಬಾಯಿಗೆ ಹೋದುದನ್ನೆಲ್ಲ ಬರೆಯಿರಿ. ಓದು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನ ಕೈಯಲ್ಲಿ ಬರೆಸಿರಿ. ಟೀ, ಅದಕ್ಕೆ ಹಾಕಿದ ಸಕ್ಕರೆ, ಅಂಗಡಿಯ ಮಿಕ್ಸ್ಚರ್, ಮಕ್ಕಳು ಬಿಟ್ಟ ಅನ್ನ, ಎಲ್ಲವೂ ಬರಲಿ. ತಾಯಂದಿರ ಮೈಗೆ ಸೇರುವ ಊಟದಲ್ಲಿ ಒಂದು ಪಾಲು ಹಸಿವಿಗಾಗಿ ಉಂಡದ್ದಲ್ಲ, ಚೆಲ್ಲಬಾರದೆಂದು ಉಂಡದ್ದು ಎಂಬುದು ಆ ಪುಸ್ತಕದಿಂದ ತಿಳಿಯುತ್ತದೆ. ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ತಿಂಡಿಗೆ ಮುಂಚೆ ತೂಗಿಸಿ ಅದನ್ನೂ ಬರೆಯಿರಿ. ದಿನಾ ತೂಗಿದರೆ ನೀರಿನ ಏರಿಳಿತ ನೋಡಿ ಮನಸ್ಸು ಕೆಡುವುದು.

ಎರಡನೆಯ ವಾರ ಟೀ. ಟೀ ಬೆಳೆಯುವ ನಾವು ಟೀಯನ್ನು ಬಿಡಿರೆಂದು ಹೇಳುವೆವೇ? ಸಕ್ಕರೆಯನ್ನು ನೋಡಿರಿ. ದಿನಕ್ಕೆ ೫ ಲೋಟ, ಲೋಟಕ್ಕೆ ೨ ಚಮಚ, ಒಟ್ಟು ೧೦ ಚಮಚ, ಸುಮಾರು ೫೦ ಗ್ರಾಂ. ವರ್ಷಕ್ಕೆ ಒಬ್ಬರಿಗೇ ೧೮ ಕಿಲೋ ಸಕ್ಕರೆ! ದಿನಕ್ಕೆ ೨೫ ಗ್ರಾಂನೊಳಗೆ ಇದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ಹೇಳಿದೆ. ಮೊದಲು ಲೋಟಕ್ಕೆ ಒಂದು ಚಮಚ, ಎರಡು ವಾರ ಬಿಟ್ಟು ಅರ್ಧ. ನಾಲಿಗೆ ಒಗ್ಗಿಕೊಳ್ಳುತ್ತದೆ. ಬೆಲ್ಲ ಹಾಕಿದರೆ ತೂಕ ಏರದೆಂದು ನಂಬಬೇಡಿ. ಲೆಕ್ಕದಲ್ಲಿ ಅದೂ ಸಕ್ಕರೆಯೇ.

ಮೂರನೆಯದು ತಟ್ಟೆ. ಅನ್ನವನ್ನು ಬಿಡಬೇಕಾಗಿಲ್ಲ, ಬಡಿಸುವ ಕ್ರಮ ಬದಲಾಗಲಿ. ಮೊದಲು ಪಲ್ಯ, ಸೊಪ್ಪು ಅರ್ಧ ತಟ್ಟೆ. ಕಾಲು ತಟ್ಟೆ ಬೇಳೆ, ಹುರುಳಿ, ಮೊಟ್ಟೆ ಅಥವಾ ಮೀನು. ಉಳಿದ ಕಾಲು ಭಾಗ ಅನ್ನ ಇಲ್ಲವೇ ಮುದ್ದೆ. ಲೈನಿನ ಹಿಂದಿನ ತುಂಡು ನೆಲದಲ್ಲಿ ಸೀಮೆಬದನೆ, ಕುಂಬಳ, ನುಗ್ಗೆ, ಹರಿವೆ ಬೆಳೆಯುವವರಿಗೆ ಇದು ಸುಲಭ. ಉಳಿದವರಿಗೆ ನೆರೆಯವರು ಕೊಟ್ಟರೆ ಸುಲಭ. ಮತ್ತಿ ಮೀನು ಅಗ್ಗವಾದ ದಿನ ಸಾರು ಮಾಡಿ, ಹುರಿಯಬೇಡಿ. ಒಣಮೀನು ರಕ್ತದ ಒತ್ತಡದವರಿಗೆ ಉಪ್ಪಿನ ಕಾರಣ ಒಳ್ಳೆಯದಲ್ಲ. ೨೦೨೩ರ ಮೇ ತಿಂಗಳಲ್ಲಿ ತಮಿಳುನಾಡು ಸರಕಾರ ನೀಲಗಿರಿ ಮತ್ತು ಧರ್ಮಪುರಿ ಜಿಲ್ಲೆಗಳ ರೇಷನ್ನಿನಲ್ಲಿ ಅಕ್ಕಿಯ ಬದಲು ೨ ಕಿಲೋ ರಾಗಿ ಕೊಡಲು ಆರಂಭಿಸಿತು. ನಮ್ಮ ಅಜ್ಜಿಯರ ಧಾನ್ಯ ಮರಳಿ ಬಂದುದು ಸಂತೋಷ. ಆದರೆ "ಬದಲು" ಎಂಬ ಮಾತನ್ನು ಗಮನಿಸಿರಿ. ರಾಗಿಯಲ್ಲಿ ನಾರು ಹೆಚ್ಚು, ಹಸಿವು ತಡೆದು ಬರುತ್ತದೆ. ಅನ್ನದ ಮೇಲೆ ಮುದ್ದೆಯನ್ನೂ ಉಂಡರೆ ತೂಕ ಏರುವುದೇ ಹೊರತು ಇಳಿಯದು. ಎಣ್ಣೆಯನ್ನು ಡಬ್ಬಿಯಿಂದ ಸುರಿಯದೆ ಚಮಚದಲ್ಲಿ ಅಳೆಯಿರಿ. ಗಂಡಸರು ಸಂಜೆಯ ಗ್ಲಾಸನ್ನೂ ಅದರ ಜೊತೆಯ ಕರಿದ ತಿಂಡಿಯನ್ನೂ ಪುಸ್ತಕದಲ್ಲಿ ಬರೆಯಲು ಮರೆಯದಿರಲಿ. ಮದ್ಯದಲ್ಲಿ ಗ್ರಾಂಗೆ ೭ ಕ್ಯಾಲೊರಿ ಇದೆ, ಸಕ್ಕರೆಯಲ್ಲಿ ೪.

ನಾಲ್ಕನೆಯದು ನಡಿಗೆ. ನಸುಕಿನಲ್ಲೆದ್ದು ನಡೆಯಿರೆಂದು ಪೇಟೆಯವರು ಬರೆಯುತ್ತಾರೆ. ಗೂಡಲೂರಿನಲ್ಲೂ ವಯನಾಡಿನಲ್ಲೂ ಆ ಹೊತ್ತಿಗೆ ದಾರಿಯಲ್ಲಿ ಯಾರು ನಿಂತಿರುತ್ತಾರೆಂದು ನಮಗೆ ಗೊತ್ತು. ಆನೆಗೆ ಎದುರಾಗಿ ತೂಕ ಇಳಿಸಬೇಕಾಗಿಲ್ಲ. ಬೆಳಕಿರುವಾಗ, ಊಟವಾದ ಮೇಲೆ, ಲೈನಿನ ಎದುರಿನ ಸಮತಟ್ಟು ಜಾಗದಲ್ಲಿ ೧೦ ನಿಮಿಷ, ದಿನಕ್ಕೆ ಮೂರು ಸಲ ನಡೆದರೆ ಸಾಕು. ಮೊಣಕಾಲು ನೋಯುವವರು ಇಳಿಜಾರನ್ನು ಬಿಡಲಿ. ಹತ್ತುವುದಕ್ಕಿಂತ ಇಳಿಯುವುದು ಕಾಲಿಗೆ ಕಷ್ಟ. ನಡೆಯಲಾಗದವರು ಗಟ್ಟಿ ಕುರ್ಚಿಯಿಂದ ಕೂತು ಏಳುವುದನ್ನು ಐದೈದು ಸಲ ಮಾಡಲಿ.

ಕೆಲವು ಎಚ್ಚರಿಕೆಗಳನ್ನು ಒತ್ತಿ ಹೇಳುತ್ತೇವೆ. ಇನ್ಸುಲಿನ್, ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಇಂಥ ಔಷಧ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಊಟ ಕಡಿಮೆ ಮಾಡಬಾರದು. ಸಕ್ಕರೆ ತೀರಾ ಇಳಿದು ಬೆವರಿ ಬೀಳುವ ಅಪಾಯವಿದೆ. ಗರ್ಭಿಣಿಯರೂ ಬೆಳೆಯುವ ಮಕ್ಕಳೂ ಊಟ ಕಡಿಮೆ ಮಾಡತಕ್ಕದ್ದಲ್ಲ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿದರೆ ಸಾಕು. ಉಪವಾಸ ಬಿದ್ದು ವೇಗವಾಗಿ ಇಳಿಸಿದವರಿಗೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದುಂಟು. ತಿಂಗಳ ಕೂಲಿಯನ್ನು ನುಂಗುವ ಪುಡಿಡಬ್ಬಿಗಳನ್ನು ಮಾರಲು ಬಂದವರಿಗೆ ನಮಸ್ಕಾರ ಹೇಳಿ ಕಳುಹಿಸಿರಿ. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ೨೦೨೫ರಲ್ಲಿ ನಮ್ಮ ದೇಶಕ್ಕೂ ಬಂದಿವೆ. ಅವು ನಿಜವಾದ ಔಷಧಗಳೇ. ಆದರೆ ವೈದ್ಯರ ಚೀಟಿಯಿಲ್ಲದೆ ಮುಟ್ಟತಕ್ಕದ್ದಲ್ಲ, ಮತ್ತು ನಿಲ್ಲಿಸಿದ ಮೇಲೆ ತೂಕ ಮರಳುವುದು ಸಾಮಾನ್ಯ.

ಕೊನೆಗೆ ನಮ್ಮೆಲ್ಲರ ಪಾಲಿನ ಕೆಲಸ. ಒಂದು ಮನೆಯಲ್ಲಿ ಎರಡು ಒಲೆ ಉರಿಸಲಾಗದು. ಹೆಂಡತಿಗೆ ಸೊಪ್ಪು, ಗಂಡನಿಗೆ ಕರಿದ ಮೀನು ಎಂದಾದರೆ ಆಕೆಯ ಪ್ರಯತ್ನ ಒಂದು ತಿಂಗಳೂ ನಿಲ್ಲದು. ಮನೆಮಂದಿಯೆಲ್ಲ ಒಂದೇ ಅಡುಗೆ ಉಣ್ಣಲಿ. ನಮ್ಮ ಕೂಟ ಮುಗಿದ ಮೇಲೆ ಸಿಹಿ ಟೀ, ಬಿಸ್ಕತ್ತು ಕೊಟ್ಟು, ಬೇಡವೆಂದವರಿಗೆ ಬಲವಂತ ಮಾಡುವ ಅಭ್ಯಾಸವನ್ನು ನಾವೇ ಮೊದಲು ಬಿಡಬೇಕು. "ಆನೆ", "ಡ್ರಮ್ಮು" ಎಂದು ಕರೆಯುವ ಬಾಯಿಗಳೂ ಮುಚ್ಚಲಿ. ನಾಚಿಕೆಪಟ್ಟವರು ಮನೆಯಿಂದ ಹೊರಬರುವುದನ್ನು ನಿಲ್ಲಿಸುತ್ತಾರೆ, ಅದರಿಂದ ತೂಕ ಮತ್ತೂ ಏರುತ್ತದೆ. ತೋಟದ ಡಿಸ್ಪೆನ್ಸರಿಯಲ್ಲಿ ಸರಿಯಾದ ತಕ್ಕಡಿ, ಒತ್ತಡ ನೋಡುವ ಯಂತ್ರ ಇಡಬೇಕೆಂದು ನಮ್ಮ ಪ್ರತಿನಿಧಿಗಳು ಕೇಳಲಿ. ಎಲೆಗೆ ತಕ್ಕಡಿ ಕೊಳ್ಳುವ ಆಡಳಿತಕ್ಕೆ ಕೊಯ್ಯುವವರ ತಕ್ಕಡಿ ಭಾರವಾಗದು. ತಮಿಳುನಾಡಿನವರು ೨೦೨೧ರಲ್ಲಿ ಪ್ರಾರಂಭವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯ ಕಾರ್ಯಕರ್ತೆ ಬಾಗಿಲಿಗೆ ಬಂದಾಗ ಸಕ್ಕರೆ, ಒತ್ತಡ ನೋಡಿಸಿಕೊಳ್ಳಲಿ.

ಆ ಅಕ್ಕ ಏನಾದರು? ಹತ್ತು ತಿಂಗಳಲ್ಲಿ ೯ ಕಿಲೋ ಇಳಿಸಿದರು. ಕ್ರಿಸ್ಮಸ್ ಕಾಲದಲ್ಲಿ ೨ ಕಿಲೋ ಮರಳಿ ಬಂತು. ಆಗ ಪುಸ್ತಕ ಮುಚ್ಚಿಟ್ಟು ಮೂರು ವಾರ ತಕ್ಕಡಿಯ ಹತ್ತಿರ ಹೋಗಲಿಲ್ಲವಂತೆ. ನಾಲ್ಕನೆಯ ವಾರ ಪಕ್ಕದ ಮನೆಯವಳು ಕೈಹಿಡಿದು ಕರೆದುಕೊಂಡು ಹೋದಳು. ಈಗ ೮೫ ಕಿಲೋ. ವೈದ್ಯರು ಹೇಳಿದ ಗುರಿ ಇನ್ನೂ ದೂರವೇ ಇದೆ. ಆದರೆ ಲೈನಿನ ಮೆಟ್ಟಿಲನ್ನು ಈಗ ಕೂರದೆ ಹತ್ತುತ್ತಾರೆ. "ಮೇಲೆ ಬಂದು ತಿರುಗಿ ನೋಡಿದರೆ ನನಗೇ ನಂಬಿಕೆಯಾಗುವುದಿಲ್ಲ" ಎಂದರು.

ಪ್ರಿಯರೇ, ನಿಮ್ಮ ನಿಮ್ಮ ಲೈನಿನಲ್ಲಿ ಕೈಹಿಡಿದು ಕರೆದುಕೊಂಡು ಹೋಗಬೇಕಾದವರು ಯಾರಿದ್ದಾರೆಂದು ನೋಡಿರಿ. ಈ ವಾರವೇ ಒಟ್ಟಿಗೆ ಹೋಗಿ ತೂಗಿಸಿರಿ. ಸಂಖ್ಯೆ ಎಷ್ಟೇ ಬರಲಿ, ಹೆದರದೆ ಪುಸ್ತಕದ ಮೊದಲ ಸಾಲಿನಲ್ಲಿ ಬರೆಯಿರಿ.