ಹಳೆಯ ಲ್ಯಾಪ್‌ಟಾಪ್ ಗುಜರಿಗೆ ಬೇಡ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್, ಹೊಸ ಪ್ರೊಸೆಸರ್ ಇಲ್ಲದ ಲ್ಯಾಪ್‌ಟಾಪ್‌ಗಳು ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡಿಗರ ಮನೆಗಳಲ್ಲೂ ಇವೆ. ಗಟ್ಟಿಮುಟ್ಟಾದ ಯಂತ್ರವನ್ನು ಎಸೆಯುವುದು ದುಡ್ಡು ದಂಡ.

ಡಿಸ್ಕನ್ನು ಪಾಲು ಮಾಡಿದರೆ ವಿಂಡೋಸ್ ಉಳಿಸಿಕೊಂಡೇ ಪಕ್ಕದಲ್ಲಿ ಉಬುಂಟು ಎಂಬ ಲಿನಕ್ಸ್ ಹಾಕಬಹುದು. ಟ್ಯಾಲಿ ಲೆಕ್ಕಪತ್ರದಂಥ ಕೆಲಸಕ್ಕೆ ವಿಂಡೋಸ್, ಇಂಟರ್ನೆಟ್ಟಿಗೆ ಉಬುಂಟು. ಮೊದಲು ಫೈಲುಗಳನ್ನೆಲ್ಲ ಬೇರೆ ಡಿಸ್ಕಿಗೆ ನಕಲಿಸಬೇಕು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಅದರ ರಿಕವರಿ ಕೀ ಬರೆದಿಡಬೇಕು. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಬೇಕು. ನಂತರ ವಿಂಡೋಸಿನದೇ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಸಿ ಡ್ರೈವ್ ಕುಗ್ಗಿಸಿ, ಕನಿಷ್ಠ 25 ಜಿಬಿ, ಸಾಧ್ಯವಾದರೆ 50 ಜಿಬಿ ಖಾಲಿ ಬಿಡಬೇಕು. ಪೆನ್‌ಡ್ರೈವಿನಿಂದ ಉಬುಂಟು ಹಾಕುವಾಗ ಇಡೀ ಡಿಸ್ಕ್ ಅಳಿಸುವ ಆಯ್ಕೆಯನ್ನು ಮಾತ್ರ ಮುಟ್ಟಬಾರದು. ಆಮೇಲೆ ಯಂತ್ರ ಶುರುವಾದಾಗಲೆಲ್ಲ ಗ್ರಬ್ ಮೆನು ಯಾವುದು ಬೇಕೆಂದು ಕೇಳುತ್ತದೆ.

ಲಿನಕ್ಸ್ ಪರಿಣತರಿಗಷ್ಟೇ ಎಂಬ ಅಂಜಿಕೆ ಸಲ್ಲದು. ಕಾಸರಗೋಡಿನ ಕನ್ನಡ ಮಕ್ಕಳು ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಅದರಲ್ಲೇ ಕಲಿಯುತ್ತಿದ್ದಾರೆ. ಕನ್ನಡದ ಕಗಪ ಕೀಲಿಮಣೆಯೂ ಲಿನಕ್ಸಿನಲ್ಲಿದೆ. ಹತ್ತಿರದ ಪವಾಯಿಯ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಕನ್ನಡದಲ್ಲೂ ಲಿನಕ್ಸ್ ಪಾಠಗಳನ್ನು ಉಚಿತವಾಗಿ ಕೊಡುತ್ತದೆ.

ಡೊಂಬಿವಲಿಯಲ್ಲಿ ಕರ್ನಾಟಕ ಸಂಘವಿದೆ, ಅದು ನಡೆಸುವ ಮಂಜುನಾಥ ವಿದ್ಯಾಲಯವಿದೆ. ಇಂಥ ಸಂಸ್ಥೆಗಳು ಭಾನುವಾರದ ಕಾರ್ಯಾಗಾರ ನಡೆಸಿ, ಹಳೆಯ ಲ್ಯಾಪ್‌ಟಾಪ್ ತಂದವರಿಗೆ ಉಬುಂಟು ಹಾಕುವುದನ್ನು ಕೈಯಾರೆ ಕಲಿಸಬೇಕು.